ರಮಾಬಾಯಿಯವರ ತೆರೆದ ಬಾಗಲಾ

ಅಕ್ಕಾರ, ವೈನಿಯವರ, ಒಂದು ಮಾತು ಕೇಳ್ತೇನಿ. ಒಂದ ಸೂರಿನ ಕೆಳಗ ಬ್ಯಾರೆ ಬ್ಯಾರೆ ನಂಬಿಕಿಯವರು ಇದ್ದಾರ ಅಂತ ತಿಳಕೋರಿ. ಅದರಾಗ ಒಬ್ಬಾಕಿ ತನ್ನ ಖೋಲಿಯೊಳಗ ಕೂತು ಪ್ರಾರ್ಥನಾ ಮಾಡೋ ಮುಂದ ಬಾಗಲಾ ಹಾಕ್ಕೋಬೇಕೋ, ಬ್ಯಾಡೋ? ಕೇಳಾಕ ಸಣ್ಣ ಮಾತು ಅನಸ್ತದ. ಆದ್ರ 1893ರಾಗ ಪುಣೆಯೊಳಗ ಇದ ಮಾತಿಗೆ ಒಂದು ಸಾಲಿ ಮುಚ್ಚೋ ಹೊತ್ತು ಬಂದಿತ್ತು. ಬಾಗಲಾ ತೆರದಿಟ್ಟವರು ಪಂಡಿತಾ ರಮಾಬಾಯಿ.

ಮನಿಮಾತು ಮರಾಠಿ ಆಗಿದ್ದಕ್ಕ ನಾವು ಅವರನ್ನ ಮಹಾರಾಷ್ಟ್ರದವರು ಅಂತನ ತಿಳಕೋತೇವಿ. ಆದ್ರ ಅವರು ಹುಟ್ಟಿದ್ದು 1858ರಾಗ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಾಗ. ತಂದಿ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಾಕ ಹೋದದ್ದು ಮಂದಿಗೆ ಸೇರಲಿಲ್ಲ, ಅದಕ್ಕ ಊರು ಬಿಟ್ಟು ಕಾಡಿನಾಗ ಮನಿ ಮಾಡಿದ್ರು. ರಮಾ ಆರು ತಿಂಗಳ ಕೂಸಿದ್ದಾಗ ಬೆತ್ತದ ಬುಟ್ಟಿಯೊಳಗ ಇಟಗೊಂಡು ತೀರ್ಥಯಾತ್ರಾ ಹೊಂಟವರು, ಮುಂದ ಊರೂರು ತಿರಗತ, ಪುರಾಣ ಹೇಳತ ಬದುಕಿದ್ರು. ಎಂಟು ವರ್ಷ ತುಂಬಿದ ಮ್ಯಾಲ ಮಗಳ ಪಾಠ ಅವ್ವನ ಕೈಗೆ ಬಂತು. ಹಗಲೆಲ್ಲಾ ಕೆಲಸ, ಅದಕ್ಕ ನಸಕಿನ್ಯಾಗ ಎಬ್ಬಿಸಿ, ಕಣ್ಣಾಗಿನ ನಿದ್ದಿ ಹೋಗೋತನಾ ಮುದ್ದು ಮಾಡಿ, ಶ್ಲೋಕ ಬಾಯಿಪಾಠ ಮಾಡಿಸ್ತಿದ್ರು. ದೇವರ ಮಾತು ಹೆಣಮಕ್ಕಳಿಗೆ ಹೆಂಗ ದಾಟ್ತದ ಅನ್ನೋದನ್ನ ರಮಾಬಾಯಿ ಮೊದಲು ನೋಡಿದ್ದು ಅಲ್ಲೇ. ದೊಡ್ಡ ಸಭಾ ಇಲ್ಲ, ಭಾಷಣ ಇಲ್ಲ. ಅವ್ವ, ಮಗಳು, ಬೆಳಗಿನ ಜಾವ.

1870ರ ದಶಕದ ಬರಗಾಲದಾಗ ಅಪ್ಪ, ಅವ್ವ, ಅಕ್ಕ ಮೂರೂ ಮಂದಿ ಹೋದ್ರು. ಉಳಿದಿದ್ದು ಅಣ್ಣ ಶ್ರೀನಿವಾಸ ಒಬ್ಬಾವ. ಅಷ್ಟು ಉಪವಾಸ, ಅಷ್ಟು ವ್ರತ ಮಾಡಿದ್ರೂ ದೇವರು ಕೇಳಲಿಲ್ಲ ಅಂತ ಹಳೆ ನಂಬಿಕಿ ಅಲ್ಲೇ ಸಡಿಲ ಆತು. 1878ರಾಗ ಕಲಕತ್ತಾದ ಪಂಡಿತರು ಅವರ ವಿದ್ಯಾ ನೋಡಿ ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ರು. 1880ರಾಗ ಅಣ್ಣನೂ ತೀರಿಕೊಂಡ. ಅದ ವರ್ಷ ಬಂಗಾಲದ ವಕೀಲರೊಬ್ಬರ ಜೋಡಿ ಲಗ್ನ ಆತು, 1882ರಾಗ ಗಂಡನೂ ಹೋದ್ರು. ಇಪ್ಪತ್ನಾಕು ವರ್ಷ ತುಂಬಿರಲಿಲ್ಲ, ಉಡಿಯೊಳಗ ಕೂಸು ಮನೋರಮಾ. ಮರುವರ್ಷ ಓದಾಕ ಇಂಗ್ಲೆಂಡಿಗೆ ಹೋದ್ರು. ವಾಂಟೇಜ್ ಅನ್ನೋ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಾಗ ಇದ್ದು, 1883ರ ಸೆಪ್ಟೆಂಬರ್ 29ಕ್ಕ ಮಗಳ ಸಮೇತ ದೀಕ್ಷಾಸ್ನಾನ ತಗೊಂಡ್ರು.

ಹೊಸ ನಂಬಿಕಿ ಬಂತಂತ ಹಳೇದೆಲ್ಲಾ ಒಗದು ಬಿಡಲಿಲ್ಲ. ಮಾಂಸ, ತತ್ತಿ ಕಡೀತನಾ ಮುಟ್ಟಲಿಲ್ಲ. ಶಿಲುಬಿ ಮ್ಯಾಲ ಲ್ಯಾಟಿನ್ ಅಕ್ಷರ ಯಾಕ, ನಮ್ಮ ಸಂಸ್ಕೃತ ಯಾಕಾಗಬಾರದು ಅಂತ ಆ ಸನ್ಯಾಸಿನಿಯರ ಜೋಡಿನೂ ವಾದ ಮಾಡಿದ್ರು. ತಮಗ ದಾರಿ ತೋರಿಸಿದವರಿಗೂ ತಮ್ಮ ಮನಸ್ಸು ಒತ್ತಿ ಇಟ್ಟುಕೊಡಲಿಲ್ಲ. ಇದನ್ನ ನೆನಪಿಟಗೋರಿ.

1889ರಾಗ ಮುಂಬಯಿಯೊಳಗ ‘ಶಾರದಾ ಸದನ’ ಶುರು ಆತು. ಮರುವರ್ಷ ಪುಣೆಗೆ ಬಂತು. ಗಂಡ ಸತ್ತ ಸಣ್ಣ ಹುಡಿಗ್ಯಾರಿಗೆ ಓದು, ಕೈಕೆಲಸ, ಊಟ, ಆಸರ. ರೊಕ್ಕ ಕೊಟ್ಟವರು ಅಮೆರಿಕಾದ ಮಂದಿ. ಇಲ್ಲಿ ಸಲಹಾ ಮಂಡಳಿಯೊಳಗ ರಾನಡೆಯವರು, ಭಂಡಾರಕರರು. ಕರಾರು ಸ್ಪಷ್ಟ ಇತ್ತು: ಯಾರಿಗೂ ಧರ್ಮಬೋಧನಾ ಇಲ್ಲ, ಅವರವರ ಆಚಾರ ಅವರವರಿಗೆ.

ರಮಾಬಾಯಿ ಪಾಠದೊಳಗ ಬೋಧನಾ ಮಾಡಲಿಲ್ಲ. ಆದ್ರ ದಿನಾ ಮಗಳನ್ನ ಕೂಡಿಸಿಕೊಂಡು ಬೈಬಲ್ ಓದಿ ಪ್ರಾರ್ಥನಾ ಮಾಡ್ತಿದ್ರು. ಖೋಲಿ ಬಾಗಲಾ ತೆರದ ಇರತಿತ್ತು. ಒಬ್ಬೊಬ್ಬರ ಹುಡಿಗ್ಯಾರು ತಾವಾಗಿ ಬಂದು ಕೂಡಾಕ ಹತ್ತಿದ್ರು. ಊರಾಗ ಗುಲ್ಲೆದ್ದಿತು. ‘ಕೇಸರಿ’ ಪತ್ರಿಕಾ ಕಟುವಾಗಿ ಬರೀತು. ಬಾಗಲಾ ಹಾಕ್ಕೋರಿ ಅಂತ ಹಿರಿಯರು ಹೇಳಿದ್ರು. ಆಗೂದಿಲ್ಲ ಅಂದ್ರು ರಮಾಬಾಯಿ. ಎಲ್ಲಾರಿಗೂ ಅವರವರ ಪೂಜಾ ಮಾಡೋ ಸ್ವಾತಂತ್ರ್ಯ ಇದ್ರ ನನಗೂ ಅದ, ನಾ ಯಾರನ್ನೂ ಕರಿಯೂದಿಲ್ಲ, ಬಂದವರನ್ನ ಹೊರಗ ಹಾಕೂದೂ ಇಲ್ಲ. ಅವರ ವಾದ ಇಷ್ಟ.

1893ರ ಆಗಸ್ಟಿನಾಗ ರಾನಡೆ, ಭಂಡಾರಕರರು ಮಂಡಳಿ ಬಿಟ್ರು. ಇಪ್ಪತ್ತಕ್ಕೂ ಹೆಚ್ಚು ಹುಡಿಗ್ಯಾರನ್ನ ಮನಿಯವರು ಬಂದು ಕರಕೊಂಡು ಹೋದ್ರು. ಓದು ಅರ್ಧಕ್ಕ ನಿಂತಿತು. ಮತ್ತ ಅದ ಮನಿ, ಅದ ಮೂಲಿ.

ಇಲ್ಲಿ ಎದುರಿನವರ ಮಾತೂ ಹಗರ ಅಲ್ಲ. ಉಣ್ಣಾಕ ಇಕ್ಕಿದಾಕಿ, ಅಕ್ಷರ ಕಲಿಸಿದಾಕಿ, ಅವ್ವನಂಗ ತಲಿ ಸವರಿದಾಕಿ ಏನು ನಂಬತಾಳೋ ಅದರ ಕಡೆ ಅನಾಥ ಹುಡುಗಿ ಮನಸ್ಸು ಎಳೀತದ, ಕರೀದಿದ್ರೂ ಎಳೀತದ. ಹಿರಿಯರ ಅಂಜಿಕಿ ಅದು. ಹಂಗಂತ ಆ ಬಾಗಲದಾಗಿಂದ ಎಲ್ಲಾರೂ ಒಂದ ಕಡೆ ಹೋಗಲಿಲ್ಲ. ಕೆಲವರು ಮುಂದ ಕ್ರೈಸ್ತರಾದ್ರು ಖರೆ. ಆದ್ರ ಅಲ್ಲೇ ಇದ್ದು ಓದಿದ ಗೋದುಬಾಯಿ ಹಿಂದೂನ ಉಳಿದು, 1893ರ ಮಾರ್ಚಿನಾಗ ಧೋಂಡೋ ಕೇಶವ ಕರ್ವೆಯವರನ್ನ ಮರುಮದುವಿ ಆದ್ರು. ಅದಕ್ಕ ರಮಾಬಾಯಿಯವರದೂ ಆಸರ ಇತ್ತು. ಮುಂದ ಕರ್ವೆಯವರು ತಾವೂ ವಿಧವೆಯರಿಗೆ ಆಶ್ರಮ ಕಟ್ಟಿದ್ರು.

1896-97ರ ಬರಗಾಲದಾಗ ರಮಾಬಾಯಿ ಮಧ್ಯ ಪ್ರಾಂತಕ್ಕ ಹೋಗಿ ನೂರಾರು ಹುಡಿಗ್ಯಾರನ್ನ ಪುಣೆ ಹತ್ರದ ಕೇಡಗಾವಿಗೆ ಕರಕೊಂಡು ಬಂದ್ರು. ಬರ ತನ್ನ ಮನಿಗೆ ಏನು ಮಾಡಿತ್ತು ಅನ್ನೋದು ಮರತಿರಲಿಲ್ಲ. ಅಲ್ಲಿ ಕಟ್ಟಿದ ‘ಮುಕ್ತಿ’ಯೊಳಗ ಹಳೆ ಕರಾರಿರಲಿಲ್ಲ, ಅದು ಬಹಿರಂಗವಾಗಿ ಕ್ರೈಸ್ತ ಸಂಸ್ಥಾ. ಹಸದು ಬಂದವರಿಗೆ ಅನ್ನದ ಜೋಡಿ ಯೇಸುವಿನ ಮಾತೂ ಸಿಕ್ತು, ಬಾಳ ಮಂದಿ ದೀಕ್ಷಾಸ್ನಾನ ತಗೊಂಡ್ರು. ನನ್ನ ಲೆಕ್ಕಕ್ಕ ಪುಣೆಯ ಬಾಗಲಕ್ಕಿಂತ ಈ ಬಾಗಲದ ಪ್ರಶ್ನಿ ಬಿಗಿ ಅದ. ತಾಟು ಯಾರ ಕೈಯಾಗ ಇರತದೋ ಅವರು ತಮ್ಮ ನಂಬಿಕಿ ಮಾತಾಡೋ ಮುಂದ ಎರಡು ಪಟ್ಟು ಜ್ವಾಕಿ ಇರಬೇಕು.

ಕಡೀ ವರ್ಷಗಳಾಗ ಅವರು ಹಿಡದ ಕೆಲಸ ಬೈಬಲ್ ಅನುವಾದ. ಹೀಬ್ರೂ, ಗ್ರೀಕ್ ಕಲತು, ಓದು ಕಡಿಮಿ ಇದ್ದ ಹೆಣಮಕ್ಕಳಿಗೂ ತಿಳಿಯೋ ಸರಳ ಮರಾಠಿಯೊಳಗ ಬರದ್ರು. ಮುಕ್ತಿಯ ಹುಡಿಗ್ಯಾರ ಅಚ್ಚುಮೊಳಿ ಜೋಡಿಸಿ ಛಾಪಿಸಿದ್ರು. ಮಗಳು ಮನೋರಮಾ ಆಗ ನಿಜಾಮರ ಸೀಮಿಯೊಳಗಿದ್ದ ನಮ್ಮ ಗುಲ್ಬರ್ಗಾದಾಗ ಶುರುವಾದ ಸಾಲಿ ನಡಿಸಿದ್ರು. 1921ರಾಗ ಅವ್ವನಕಿಂತ ಮೊದಲ ಮಗಳು ಹೋದಳು, 1922ರ ಏಪ್ರಿಲ್ 5ಕ್ಕ ರಮಾಬಾಯಿ. ಇಡೀ ಬೈಬಲ್ ಹೊರಗ ಬಂದಿದ್ದು 1924ರಾಗ.

ನಮ್ಮ ಓಣಿಯೊಳಗೂ ದಿನಾ ಇದ ನಡೀತದ ಅಲ್ರೀ? ಒಬ್ಬರ ಮನಿ ಪ್ರಾರ್ಥನಾ ಇನ್ನೊಬ್ಬರ ಅಡಿಗಿಮನಿಗೆ ಕೇಳಸ್ತದ. ಕೇಳಿಸಲಿ. ಬಾಗಲಾ ತೆರದಿರಲಿ, ಒಳಗ ಬರೋದು, ಬಿಡೋದು ಹೊಸ್ತಿಲಾ ಆಚಿ ನಿಂತಾಕಿ ಮನಸ್ಸು. ಬರದಾಕಿಗೂ ಅಷ್ಟ ಅಕ್ಕರತೆ, ಅಷ್ಟ ಅನ್ನ ಸಿಗಬೇಕು.