ಉರಿಯದ ಗ್ಯಾಸ್‌ಗೆ ಬೀಗ ಹಾಕಿದ್ದರು

ಹರ್ಬರ್ಟ್ ಮಾರಿಸನ್ ಅಂತ ಒಬ್ಬ ರೇಡಿಯೋ ವರದಿಗಾರರಿದ್ದರು. ಚಿಕಾಗೋದ ಒಂದು ಸ್ಟೇಷನ್‌ನವರು, ವಯಸ್ಸು 31. 1937ರ ಮೇ 6ರ ಸಂಜೆ ಅಮೆರಿಕದ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಮೈಕ್ ಹಿಡಿದು ನಿಂತಿದ್ದರು. ಜರ್ಮನಿಯಿಂದ ಬರುತ್ತಿದ್ದ ಹಿಂಡೆನ್‌ಬರ್ಗ್ ಎಂಬ ವಾಯುನೌಕೆ ಇಳಿಯುವುದನ್ನು ವರ್ಣಿಸುವುದು ಅವರ ಕೆಲಸ. ಮಾಮೂಲಿ ಅಸೈನ್‌ಮೆಂಟ್. ಮಾತಾಡುತ್ತಿದ್ದ ಹಾಗೇ ಹಡಗಿನ ಹಿಂಭಾಗಕ್ಕೆ ಬೆಂಕಿ ಹತ್ತಿತು. ಅರ್ಧ ನಿಮಿಷದ ಮೇಲೆ ಒಂದಿಷ್ಟು ಸೆಕೆಂಡ್, ಅಷ್ಟೇ. 245 ಮೀಟರ್ ಉದ್ದದ ಹಡಗು ಕಬ್ಬಿಣದ ಗುಜರಿ ಥರ ನೆಲಕ್ಕೆ ಬಿತ್ತು. ಮಾರಿಸನ್ ಅಳುತ್ತಲೇ ಮಾತಾಡಿದರು. ಬಹಳ ಜನ ಅಂದುಕೊಂಡ ಹಾಗೆ ಅದು ಲೈವ್ ಅಲ್ಲ, ಡಿಸ್ಕ್ ಮೇಲೆ ರೆಕಾರ್ಡ್ ಆಗಿ ಮರುದಿನ ಪ್ರಸಾರವಾಯಿತು. ಬ್ರೇಕಿಂಗ್ ನ್ಯೂಸ್ ಅಂತ ದಿನಾ ಕಿರುಚುವ ನಮ್ಮಂಥವರು ಆ ಧ್ವನಿಯನ್ನು ಒಮ್ಮೆಯಾದರೂ ಕೇಳಬೇಕು.

ಹಡಗಿನಲ್ಲಿದ್ದವರು 97 ಜನ. ಅವರಲ್ಲಿ 35 ಮಂದಿ ಸತ್ತರು, ಜೊತೆಗೆ ನೆಲದ ಮೇಲಿದ್ದ ಒಬ್ಬ ಕೆಲಸಗಾರ. ಕಿಡಿ ಎಲ್ಲಿಂದ ಬಂತು ಅಂತ ಇವತ್ತಿಗೂ ವಾದ ನಡೆಯುತ್ತದೆ. ನನ್ನ ಪ್ರಶ್ನೆ ಬೇರೆ. ಅದರ ಹೊಟ್ಟೆಯೊಳಗೆ ಹೈಡ್ರೋಜನ್ ಯಾಕಿತ್ತು? ಯಾಕೆಂದರೆ ಹಿಂಡೆನ್‌ಬರ್ಗ್ ಅನ್ನು ವಿನ್ಯಾಸ ಮಾಡಿದ್ದು ಹೀಲಿಯಂಗೆ. ಅಂದರೆ ಉರಿಯದ ಗ್ಯಾಸ್‌ಗೆ!

ಈ ಹೀಲಿಯಂ ಮೊದಲು ಕಂಡದ್ದು ಸೂರ್ಯನಲ್ಲಿ. 1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಬಂದಿದ್ದು ನಮ್ಮ ಪಕ್ಕದ ಆಂಧ್ರದ ಗುಂಟೂರಿಗೆ. ಸೂರ್ಯನ ಬೆಳಕಿನಲ್ಲಿ ಕಂಡ ಗುರುತಿಲ್ಲದ ಹಳದಿ ಗೆರೆಯ ಕತೆ ಶುರುವಾಗುವುದು ಆ ವರ್ಷ. ಭೂಮಿಯ ಮೇಲೆ ಅದೇ ವಸ್ತುವನ್ನು ರಾಮ್ಸೆ ಹಿಡಿದದ್ದು 1895ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಯವರೆಗೂ ಅದು ವಿಜ್ಞಾನಿಗಳ ಕುತೂಹಲ ಅಷ್ಟೇ.

ಮಜಾ ಇರುವುದು ಮುಂದೆ. 1903ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಡೆಕ್ಸ್‌ಟರ್ ಎಂಬ ಪುಟ್ಟ ಊರಲ್ಲಿ ಬಾವಿ ಕೊರೆದಾಗ ಗ್ಯಾಸ್ ಭೋರ್ಗರೆದು ಬಂತು. ಊರಿಗೆ ಊರೇ ಶ್ರೀಮಂತವಾದೆವು ಅಂತ ಕುಣಿಯಿತು. ಹಬ್ಬ ಮಾಡಿದರು, ಭಾಷಣ ಮಾಡಿದರು. ಕೊನೆಗೆ ಉರಿಯುವ ಹುಲ್ಲಿನ ಕಟ್ಟನ್ನು ಗ್ಯಾಸ್‌ನತ್ತ ತಳ್ಳಿದರು. ಆಕಾಶಕ್ಕೆ ಜ್ವಾಲೆ ಏಳುತ್ತದೆ ಅಂತ ಎಲ್ಲರೂ ಕಾದಿದ್ದಾರೆ. ಹುಲ್ಲೇ ಆರಿಹೋಯಿತು! ಊರವರ ಮುಖ ಹೇಗಾಗಿರಬೇಡ? ಕಾನ್ಸಾಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಅದರಲ್ಲಿ ಬಹುಪಾಲು ನೈಟ್ರೋಜನ್, ಜೊತೆಗೆ ಶೇಕಡಾ 2ರ ಹತ್ತಿರ ಹೀಲಿಯಂ ಇದೆ ಅಂತ 1905ರಲ್ಲಿ ಗೊತ್ತಾಯಿತು. ಉರಿಯಲಿಲ್ಲ ಅಂತ ಜನ ಬೈದುಕೊಂಡ ಗ್ಯಾಸ್‌ನಲ್ಲೇ ಅಮೆರಿಕದ ಮುಂದಿನ ಗುಟ್ಟು ಅಡಗಿತ್ತು.

ಮೊದಲ ಮಹಾಯುದ್ಧದಲ್ಲಿ ಜರ್ಮನರ ಜೆಪೆಲಿನ್‌ಗಳು ಲಂಡನ್ ಮೇಲೆ ಬಾಂಬ್ ಹಾಕಿದ್ದವು. ಹೈಡ್ರೋಜನ್ ತುಂಬಿದ ಹಡಗುಗಳು ಹೊತ್ತಿ ಉರಿದು ಬಿದ್ದದ್ದನ್ನೂ ಜಗತ್ತು ನೋಡಿತ್ತು. 1922ರಲ್ಲಿ ಅಮೆರಿಕದ್ದೇ ‘ರೋಮಾ’ ಸುಟ್ಟು 34 ಜನ ಸತ್ತರು. ಅಲ್ಲಿಗೆ ಅಮೆರಿಕ ತನ್ನ ವಾಯುನೌಕೆಗಳಿಗೆ ಹೀಲಿಯಂ ಮಾತ್ರ ಅಂತ ತೀರ್ಮಾನಿಸಿತು. ಒಳ್ಳೆಯದೇ. ಆದರೆ ಇದು ಯುದ್ಧದ ವಸ್ತು ಅಂತ 1925 ಮತ್ತು 1927ರ ಕಾನೂನುಗಳಲ್ಲಿ ಹೊರದೇಶಗಳಿಗೆ ಬೀಗ ಹಾಕಿತು. ಆಗ ಲೆಕ್ಕಕ್ಕೆ ಸಿಗುವಷ್ಟು ಹೀಲಿಯಂ ಇದ್ದದ್ದು ಅಮೆರಿಕದಲ್ಲಿ ಮಾತ್ರ. ಉಳಿದವರು ಹೈಡ್ರೋಜನ್ ನಂಬಿಕೊಂಡೇ ಹಾರಬೇಕಾಯಿತು. 1930ರಲ್ಲಿ ಬ್ರಿಟಿಷರ ಆರ್-101 ಹೊರಟಿದ್ದು ಎಲ್ಲಿಗೆ ಗೊತ್ತಾ? ಕರಾಚಿಗೆ, ಅಂದರೆ ಅವತ್ತಿನ ನಮ್ಮದೇ ದೇಶಕ್ಕೆ. ಇಳಿಯಲು ದೊಡ್ಡ ಶೆಡ್ ಕೂಡ ಕಟ್ಟಿಟ್ಟಿದ್ದರು. ಫ್ರಾನ್ಸ್‌ನಲ್ಲೇ ಬಿದ್ದು ಸುಟ್ಟುಹೋಯಿತು. ಸತ್ತವರು 48.

ಇಂಜಿನಿಯರಿಂಗ್ ಓದಿದವನು ನಾನು, ಒಂದು ಸಣ್ಣ ಲೆಕ್ಕ ಹೇಳಿಬಿಡ್ತೇನೆ. ಒಂದು ಘನ ಮೀಟರ್ ಹೈಡ್ರೋಜನ್ ಸುಮಾರು 1.2 ಕೆಜಿ ಎತ್ತುತ್ತದೆ. ಹೀಲಿಯಂ 1.1 ಕೆಜಿ. ವ್ಯತ್ಯಾಸ ಚಿಲ್ಲರೆ. ಆದರೆ ಹಿಂಡೆನ್‌ಬರ್ಗ್‌ನಲ್ಲಿ ತುಂಬಿದ್ದು 2 ಲಕ್ಷ ಘನ ಮೀಟರ್! ಹತ್ತಿರ ಹತ್ತಿರ 18 ಟನ್ ಹೆಚ್ಚಿಗೆ ಹೊರಬಹುದು. ಅವರು ಏನು ಮಾಡಿದರು ನೋಡಿ. 1936-37ರ ಚಳಿಗಾಲದಲ್ಲಿ ಹೊಸ ಕ್ಯಾಬಿನ್‌ಗಳನ್ನು ಸೇರಿಸಿ 50 ಇದ್ದ ಪ್ರಯಾಣಿಕರ ಜಾಗವನ್ನು 72 ಮಾಡಿದರು. ಅಪಾಯದ ಗ್ಯಾಸ್ ಕೊಟ್ಟ ಬಲದಲ್ಲಿ ಸೀಟು ಮಾರಿದರು. ಹೈಡ್ರೋಜನ್‌ನಲ್ಲಿ ಇಷ್ಟು ವರ್ಷ ಹಾರಿಸಿದ್ದೇವೆ, ಒಬ್ಬ ಪ್ರಯಾಣಿಕನೂ ಸತ್ತಿಲ್ಲ ಎಂಬ ಧೈರ್ಯ ಬೇರೆ. ಹತ್ತುವಾಗಲೇ ಬೆಂಕಿಪೊಟ್ಟಣ, ಲೈಟರ್ ಕಿತ್ತುಕೊಳ್ಳುತ್ತಿದ್ದರು. ಆದರೂ ಒಳಗೆ ಸಿಗರೇಟ್ ಸೇದಲು ಒಂದು ಕೋಣೆ! ಗ್ಯಾಸ್ ಒಳಗೆ ನುಗ್ಗದಂತೆ ಗಾಳಿಯ ಒತ್ತಡ ಹೆಚ್ಚಿಸಿ, ಎರಡು ಬಾಗಿಲಿಟ್ಟು, ಒಂದೇ ಒಂದು ವಿದ್ಯುತ್ ಲೈಟರ್ ಇಟ್ಟಿದ್ದರು. ಹೇಳಬೇಕು ಅಂದರೆ ಆ ಕೋಣೆಯಿಂದ ಏನೂ ಆಗಲಿಲ್ಲ. ಕೊನೆಯ ಪ್ರಯಾಣದಲ್ಲಿ ಇದ್ದ ಪ್ರಯಾಣಿಕರು ಬರೀ 36. ಸೇರಿಸಿದ ಆ ಸೀಟುಗಳು ಅವತ್ತು ಬೇಕಾಗಿಯೇ ಇರಲಿಲ್ಲ.

ಇದೇ ಲೆಕ್ಕ ನಮ್ಮ ಜಾತ್ರೆಗಳಲ್ಲೂ ನಡೆಯುತ್ತದೆ. ಹೀಲಿಯಂ ದುಬಾರಿ, ನಮ್ಮ ದೇಶಕ್ಕೆ ಹೊರಗಿನಿಂದಲೇ ಬರಬೇಕು. ಅದಕ್ಕೇ ಕಾಸ್ಟಿಕ್ ಸೋಡಾ, ಅಲ್ಯುಮಿನಿಯಂ ಚೂರು ಹಾಕಿ ಹೈಡ್ರೋಜನ್ ತಯಾರಿಸಿ ಬಲೂನ್‌ಗೆ ತುಂಬುವವರಿದ್ದಾರೆ. ಮಗುವಿನ ಕೈಯಲ್ಲಿರುವುದು ಯಾವ ಗ್ಯಾಸ್ ಅಂತ ನೋಡಿದರೆ ಗೊತ್ತಾಗುವುದಿಲ್ಲ.

ಹಾಗಂತ ಹೀಲಿಯಂ ಸಾಧು ಪ್ರಾಣಿ ಅಂದುಕೊಳ್ಳಬೇಡಿ. ಉರಿಯುವುದಿಲ್ಲ, ವಿಷವೂ ಅಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಸೋರಿದರೆ ಆಮ್ಲಜನಕವನ್ನು ಆಚೆ ತಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಯಾಕೆಂದರೆ ನಮ್ಮ ದೇಹ ಎಚ್ಚರಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಮನುಷ್ಯ ಸುಮ್ಮನೆ ಕುಸಿದುಬೀಳುತ್ತಾನೆ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಇರುತ್ತದೆ. ಒಂದು ಲೀಟರ್ ಆವಿಯಾದರೆ 700 ಲೀಟರ್‌ಗೂ ಹೆಚ್ಚು ಗ್ಯಾಸ್. ಅದು ಕಟ್ಟಡದ ಹೊರಗೆ ಹೋಗಲೆಂದೇ ಪ್ರತ್ಯೇಕ ಪೈಪ್ ಇಡುತ್ತಾರೆ. ಇನ್ನು ಧ್ವನಿ ಕೀರಲು ಮಾಡಿಕೊಳ್ಳಲು ಪಾರ್ಟಿಯಲ್ಲಿ ಸಿಲಿಂಡರ್‌ಗೇ ಬಾಯಿ ಇಡುವವರು. ಆ ಒತ್ತಡಕ್ಕೆ ಶ್ವಾಸಕೋಶವೇ ಹರಿಯಬಹುದು. ತಮಾಷೆಗೂ ಮಾಡಬೇಡಿ.

ಲೇಕ್‌ಹರ್ಸ್ಟ್ ದುರಂತದ ನಂತರ ಅಮೆರಿಕದ ಮನಸ್ಸು ಕರಗಿತು. 1937ರಲ್ಲೇ ಕಾನೂನು ಸಡಿಲಿಸಿದರು. ಜರ್ಮನಿಯ ಹೊಸ ಹಡಗಿಗೆ ಹೀಲಿಯಂ ಸಿಗುವುದರಲ್ಲಿತ್ತು. ಅಷ್ಟರಲ್ಲಿ 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅಮೆರಿಕದ ಗೃಹ ಖಾತೆ ಅಂದರೆ ಪೊಲೀಸ್ ಖಾತೆಯಲ್ಲ, ನೆಲ, ಖನಿಜ ನೋಡಿಕೊಳ್ಳುವುದು. ಅದರ ಕಾರ್ಯದರ್ಶಿ ಹೆರಾಲ್ಡ್ ಇಕಿಸ್ ಸಹಿ ಹಾಕಲು ಒಪ್ಪಲಿಲ್ಲ. ಜೆಪೆಲಿನ್ ಕಂಪನಿಯ ಹ್ಯೂಗೋ ಎಕನರ್ ವಾಷಿಂಗ್ಟನ್‌ಗೇ ಹೋಗಿ ಕೇಳಿಕೊಂಡರು. ಎಕನರ್ ನಾಜಿಗಳಿಗೆ ಬೇಡವಾದ ಮನುಷ್ಯ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಇಕಿಸ್ ಜಗ್ಗಲಿಲ್ಲ. 1927ರ ಬೀಗ ಅತಿಯಾಯಿತು ಅನ್ನುವವನು ನಾನು. 1938ರ ಬೀಗದ ವಿಷಯದಲ್ಲಿ ಮಾತ್ರ ನಾನು ಇಕಿಸ್ ಕಡೆ.

ಆ ಹೊಸ ಹಡಗು ಕೊನೆಗೂ ಹೈಡ್ರೋಜನ್ ತುಂಬಿಕೊಂಡೇ ಹಾರಿತು. ಟಿಕೆಟ್ ಕೊಟ್ಟ ಒಬ್ಬ ಪ್ರಯಾಣಿಕನನ್ನೂ ಹತ್ತಿಸಿಕೊಳ್ಳಲಿಲ್ಲ. 1939ರ ಆಗಸ್ಟ್‌ನಲ್ಲಿ ಅದು ಬ್ರಿಟನ್ ಕರಾವಳಿಯುದ್ದಕ್ಕೂ ಸುತ್ತಾಡಿದ್ದು ಅಲ್ಲಿನ ರೇಡಾರ್ ಸಂಕೇತ ಕದ್ದು ಕೇಳಲು. ಮರುವರ್ಷ ಗೋರಿಂಗ್ ಆಜ್ಞೆಯಂತೆ ಅದನ್ನು ಮುರಿದು, ಅಲ್ಯುಮಿನಿಯಂ ಅನ್ನು ಯುದ್ಧ ವಿಮಾನಗಳಿಗೆ ಕೊಟ್ಟರು. ಫ್ರಾಂಕ್‌ಫರ್ಟ್‌ನಲ್ಲಿದ್ದ ದೈತ್ಯ ಶೆಡ್‌ಗಳನ್ನು ಸಿಡಿಮದ್ದಿಟ್ಟು ಕೆಡವಿದ್ದು 1940ರ ಮೇ 6ರಂದು. ಹಿಂಡೆನ್‌ಬರ್ಗ್ ಸುಟ್ಟು ಅವತ್ತಿಗೆ ಸರಿಯಾಗಿ ಮೂರು ವರ್ಷ.