ಬಾಕ್ಸಿಂಗ್ ಕಣದ ಉಡುಪು: ನಿಯಮ ಸಡಿಲಗೊಂಡ ಬಗೆ

ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಉಡುಪಿಗೆ ಸಂಬಂಧಿಸಿದ ಹಲವು ನಿಯಮಗಳು ರೆಫರಿಯ ಕಣ್ಣಿಗೆ ಅನುಕೂಲವಾಗಲೆಂದು ಹುಟ್ಟಿದವು. ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ. ಸೊಂಟದ ಗೆರೆ ಎದ್ದು ಕಾಣಬೇಕು. ಅದರ ಕೆಳಗೆ ಬಿದ್ದ ಏಟು ತಪ್ಪೆಂದು ಆ ಕ್ಷಣವೇ ತಿಳಿಯಬೇಕು. ಹಲ್ಲುಗವಚ ಕೆಂಪು ಬಣ್ಣದ್ದಾಗಿರಬಾರದು, ಬಾಯಲ್ಲಿ ರಕ್ತ ಬಂದರೆ ಗುರುತು ಸಿಗಬೇಕಲ್ಲ. ಉದ್ದ ಕೂದಲನ್ನು ಬಲೆಯಲ್ಲೋ ಮೆತ್ತನೆಯ ಪಟ್ಟಿಯಲ್ಲೋ ಕಟ್ಟಬೇಕು, ಲೋಹದ ಪಿನ್ನು ಕೂಡದು. ಇವೆಲ್ಲ ಕಾರಣವಿರುವ ಕಟ್ಟಳೆಗಳು. ಆದರೆ ಇವುಗಳ ಜೊತೆಗೇ, ಆಟಗಾರನೆಂದರೆ ಗಡ್ಡ ಬೋಳಿಸಿ ಬನಿಯನ್ ಮತ್ತು ಚಡ್ಡಿ ತೊಟ್ಟ ಗಂಡಸು ಎಂಬ ರೂಢಿಯೂ ನಿಯಮಪುಸ್ತಕ ಸೇರಿಕೊಂಡಿತ್ತು. ಕಾರಣವನ್ನು ಉಳಿಸಿಕೊಂಡು ರೂಢಿಯನ್ನು ಕಳಚಿದ್ದೇ ಕಳೆದ ಮೂರು ದಶಕಗಳ ಕಥೆ.

ಮೊದಲ ತಕರಾರು ಗಡ್ಡದ್ದು. ಗಡ್ಡ ಎದುರಾಳಿಯ ಚರ್ಮವನ್ನು ತರಚುತ್ತದೆ, ಗಾಯವನ್ನು ಮರೆಮಾಡುತ್ತದೆ, ಏಟಿನ ಬಿರುಸನ್ನು ತಗ್ಗಿಸುತ್ತದೆ ಎಂಬ ವಾದಗಳಿದ್ದವು. ಕೆನಡಾದ ಸಿಖ್ ಬಾಕ್ಸರ್ ಪರ್‌ದೀಪ್ ನಾಗ್ರಾ ಇದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದರು. ಗಡ್ಡವನ್ನು ಬಲೆಯಿಂದ ಮುಚ್ಚಿಕೊಂಡು ಆಡುವ ಹಕ್ಕು 1999ರಲ್ಲಿ ಅವರಿಗೆ ಸಿಕ್ಕಿತು. ಒಂದು ತುಂಡು ಬಲೆಯಿಂದ ಮುಗಿಯುವ ಸಮಸ್ಯೆಗೆ ಅಷ್ಟು ವರ್ಷ ನಿಷೇಧವೇ ಪರಿಹಾರವಾಗಿತ್ತು ಎಂಬುದು ಗಮನಿಸಬೇಕಾದ ಮಾತು. ಇಂಗ್ಲೆಂಡಿನ ಹವ್ಯಾಸಿ ಸಂಸ್ಥೆ ಗಡ್ಡದ ನಿಷೇಧವನ್ನು ತೆಗೆದದ್ದು 2018ರಲ್ಲಿ.

ಮಹಿಳೆಯರ ವಿಷಯದಲ್ಲಿ ಉಡುಪಿಗಿಂತ ಮೊದಲು ಪ್ರವೇಶದ ಪ್ರಶ್ನೆಯೇ ಇತ್ತು. ಸ್ವೀಡನ್ 1988ರಲ್ಲಿ, ಇಂಗ್ಲೆಂಡ್ 1996ರಲ್ಲಿ ಬಾಗಿಲು ತೆರೆದವು. ಮೊದಲ ವಿಶ್ವ ಚಾಂಪಿಯನ್‌ಷಿಪ್ 2001ರಲ್ಲಿ ಅಮೆರಿಕದ ಸ್ಕ್ರಾಂಟನ್‌ನಲ್ಲಿ ನಡೆಯಿತು. ಮೇರಿ ಕೋಮ್ ಅಲ್ಲಿ ಬೆಳ್ಳಿ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಸೇರಿಸುವುದೆಂದು 2009ರಲ್ಲಿ ತೀರ್ಮಾನವಾಯಿತು. ಇದರ ಬೆನ್ನಲ್ಲೇ ಅಂತರರಾಷ್ಟ್ರೀಯ ಸಂಸ್ಥೆ ಎಐಬಿಎ ಮಹಿಳೆಯರಿಗೆ ಸ್ಕರ್ಟ್ ಸೂಚಿಸಿತು. ತಲೆಗವಚ ತೊಟ್ಟಾಗ ಹೆಣ್ಣೋ ಗಂಡೋ ವೀಕ್ಷಕರಿಗೆ ತಿಳಿಯುವುದಿಲ್ಲ ಎಂಬುದು ಕೊಟ್ಟ ಸಮಜಾಯಿಷಿ. ಇಲ್ಲಿ ರೆಫರಿಯ ಕಣ್ಣು ಹೋಗಿ ಟಿವಿ ನೋಡುವವರ ಕಣ್ಣು ಬಂದಿತ್ತು. ಪೋಲೆಂಡ್ ತನ್ನ ಆಟಗಾರ್ತಿಯರಿಗೆ ಸ್ಕರ್ಟನ್ನು ಕಡ್ಡಾಯವಾಗಿಸಿತು. ಐರ್ಲೆಂಡಿನ ಕೇಟಿ ಟೇಲರ್ ತೊಡುವುದಿಲ್ಲವೆಂದು ಬಹಿರಂಗವಾಗಿ ಹೇಳಿದರು. ವಿರೋಧ ಬಲವಾದ ಮೇಲೆ, 2012ರಲ್ಲಿ ಚಡ್ಡಿ ಅಥವಾ ಸ್ಕರ್ಟ್, ಆಯ್ಕೆ ಆಟಗಾರ್ತಿಯದು ಎಂದು ನಿಯಮವಾಯಿತು.

ಹಿಜಾಬ್ ಪ್ರಶ್ನೆ ಇದಕ್ಕೆ ತದ್ವಿರುದ್ಧವಾಗಿ ಕಂಡರೂ ಬೇರು ಒಂದೇ. ಸ್ಕರ್ಟಿನಲ್ಲಿ ಬೇಡದ್ದನ್ನು ತೊಡಿಸಲು ಹೊರಟಿದ್ದರು. ಇಲ್ಲಿ ಬೇಕಾದದ್ದನ್ನು ಕಳಚು ಎಂದರು. ಅಮೆರಿಕದ ಮಿನೆಸೋಟದ ಹದಿಹರೆಯದ ಬಾಕ್ಸರ್ ಅಮಾಯಾ ಜಾಫರ್ 2016ರಲ್ಲಿ ಫ್ಲಾರಿಡಾಕ್ಕೆ ಪಂದ್ಯಕ್ಕೆ ಹೋದಾಗ ಹಿಜಾಬ್ ತೆಗೆಯಲೊಪ್ಪದ್ದಕ್ಕೆ ಅನರ್ಹಳಾದಳು. ಆಡದೆಯೇ ಗೆದ್ದ ಎದುರಾಳಿ ಬೆಲ್ಟನ್ನು ಆಕೆಯೊಂದಿಗೆ ಹಂಚಿಕೊಂಡಳು. ಮರುವರ್ಷ ಅಮೆರಿಕದ ಸಂಸ್ಥೆ ಅನುಮತಿ ಕೊಟ್ಟಿತು. ಜರ್ಮನಿಯಲ್ಲಿ ಬಾಕ್ಸರ್ ಜೀನಾ ನಾಸರ್ ಮೊದಲು ತಮ್ಮ ದೇಶದ ನಿಯಮ ಬದಲಾಗುವಂತೆ ಮಾಡಿ, ಅನಂತರ ಅಂತರರಾಷ್ಟ್ರೀಯ ನಿಯಮದತ್ತ ತಿರುಗಿದರು. ಹಿಜಾಬ್ ಮತ್ತು ಮೈಪೂರ್ತಿ ಮುಚ್ಚುವ ಬಿಗಿಯುಡುಪಿಗೆ 2019ರ ಆರಂಭದಲ್ಲಿ ಎಐಬಿಎ ಒಪ್ಪಿತು. ಆಸ್ಟ್ರೇಲಿಯದ ಟೀನಾ ರಹೀಮಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹಿಜಾಬ್ ತೊಟ್ಟೇ ಕಂಚು ಗೆದ್ದರು.

ಅದೇ 2019ರ ಏಪ್ರಿಲ್‌ನಲ್ಲಿ ಇರಾನಿನ ಸದಫ್ ಖಾದೆಮ್ ಫ್ರಾನ್ಸಿನಲ್ಲಿ ಬನಿಯನ್ ಮತ್ತು ಚಡ್ಡಿ ತೊಟ್ಟು, ತಲೆ ಮುಚ್ಚದೆ ಆಡಿ ಗೆದ್ದರು. ಬಂಧನದ ಭಯದಿಂದ ತಾಯ್ನಾಡಿಗೆ ಮರಳಲಿಲ್ಲ. ಭಾರತದಲ್ಲಿ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದವರು. ಮಗಳು ಚಡ್ಡಿ ತೊಟ್ಟು ಆಡುತ್ತಾಳೆಂಬ ನೆಂಟರಿಷ್ಟರ ಕೊಂಕನ್ನು ಅವರ ತಂದೆ ಕೇಳಬೇಕಾಗಿತ್ತು. ನಿಯಮಪುಸ್ತಕ ಸಡಿಲವಾದರೂ ಮನೆ ಮತ್ತು ಸರ್ಕಾರಗಳ ನಿಯಮ ಬೇರೆಯೇ ಇರುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ತಲೆಗವಚದ ಹಾದಿ ಇನ್ನೂ ವಿಚಿತ್ರ. ಒಲಿಂಪಿಕ್ಸ್‌ನಲ್ಲಿ 1984ರಿಂದ ಕಡ್ಡಾಯವಾಗಿದ್ದ ಅದನ್ನು ಹಿರಿಯ ಪುರುಷರಿಗೆ 2013ರಲ್ಲಿ ತೆಗೆದುಹಾಕಲಾಯಿತು, ಮಹಿಳೆಯರಿಗೆ ಉಳಿಸಲಾಯಿತು.

ಇಷ್ಟೆಲ್ಲ ಚರ್ಚೆಯಲ್ಲಿ ಅಧಿಕಾರಿಗಳ ಉಡುಪು ಮಾತ್ರ ಹಿಂದೆಯೇ ಉಳಿಯಿತು. ಬಿಳಿ ಅಂಗಿ, ಬೋ ಟೈ ರೆಫರಿಗಳ ಹಳೆಯ ಗುರುತು; ಅದು ಗಂಡಸರ ಅಳತೆಗೆ ಹೊಲಿದದ್ದು. ರಕ್ತದ ಸೋಂಕು ತಗಲದಿರಲೆಂದು ಕೈಗೆ ರಬ್ಬರ್ ಗವಸು ತೊಡುವುದು ಕಾರಣವಿರುವ ನಿಯಮ. ಕಣದೊಳಗೆ ಕನ್ನಡಕ ಕೂಡದು, ಕಾಂಟ್ಯಾಕ್ಟ್ ಲೆನ್ಸ್ ಆಗಬಹುದು ಎಂಬುದಕ್ಕೂ ಅರ್ಥವಿದೆ. ಉಳಿದ ರೂಢಿಗಳನ್ನು ಯಾರೂ ಅಷ್ಟಾಗಿ ಕೆದಕಿಲ್ಲ.

ನಿಯಮ ಬರೆಯುವ ಕೈಯೂ ಈಗ ಬದಲಾಗಿದೆ: ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2023ರಲ್ಲಿ, ಎಐಬಿಎ ಎನಿಸಿಕೊಂಡಿದ್ದ ಹಳೆಯ ಸಂಸ್ಥೆಯ ಮಾನ್ಯತೆ ಹಿಂತೆಗೆದುಕೊಂಡಿತು. 2025ರ ಫೆಬ್ರವರಿಯಲ್ಲಿ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ಕೊಟ್ಟಿತು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಬಾಕ್ಸಿಂಗ್ ಸೇರಿದ್ದು ಅದರ ಮರುತಿಂಗಳು.