ಮೊಂಟೊನೆಯಲ್ಲಿ ಸಿಕ್ಕ ಮಾಣಗಾಂವ್‌ನವ

ಅರೆಟ್ಸೊದಿಂದ ಅಸ್ಸೀಸಿಗೆ ಐದು ದಿನದ ಸೈಕಲ್ ಪ್ರವಾಸ. ನಾನು ಮತ್ತು ಭಾವ. ಬ್ಯಾಟರಿ ಇಲ್ಲದ ಬಾಡಿಗೆ ಸೈಕಲ್ಲೇ ಬೇಕೆಂದು ಹಟ ಹಿಡಿದವನು ನಾನು. ಎರಡನೇ ದಿನವೇ ಮೊಣಕಾಲು ಆ ಜಂಬ ಇಳಿಸಿತು. ನಾವು ಹೋದದ್ದು ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಭಿತ್ತಿಚಿತ್ರಗಳನ್ನೂ ಸಂತ ಫ್ರಾನ್ಸಿಸ್‌ನ ಊರನ್ನೂ ನೋಡಲು. ಸಿಪಾಯಿಗಳ ವಿಷಯ ನಮ್ಮ ತಲೆಯಲ್ಲೇ ಇರಲಿಲ್ಲ.

ಮೊದಲು ಸಿಕ್ಕದ್ದು ಅಂಗಿಯಾರಿ. ಗುಡ್ಡದ ಮೇಲಿನ ಊರಿನಿಂದ ಟೈಬರ್ ಬಯಲಿಗೆ ಗೆರೆ ಎಳೆದ ಹಾಗೆ ನೇರ ಇಳಿಯುವ ರಸ್ತೆ. 1440ರ ಜೂನ್ 29ರಂದು ಇಲ್ಲಿ ಫ್ಲಾರೆನ್ಸ್ ಕಡೆಯವರೂ ಮಿಲಾನ್ ಕಡೆಯವರೂ ಕಾದಿದರು. ಆ ಕಾಲದ ಇಟಲಿಯಲ್ಲಿ ಯುದ್ಧವೆಂದರೆ ಗುತ್ತಿಗೆ ಕೆಲಸ. ಹಣ ಕೊಟ್ಟ ಊರಿನ ಪರವಾಗಿ ದಳಪತಿ ತನ್ನ ಪಡೆ ಇಳಿಸುತ್ತಿದ್ದ. ಲಿಯೊನಾರ್ಡೊ ಡಾ ವಿಂಚಿ ಈ ಯುದ್ಧವನ್ನು ಫ್ಲಾರೆನ್ಸಿನ ಅರಮನೆ ಗೋಡೆಯ ಮೇಲೆ ಬರೆಯಲು ಹೊರಟು ಅರ್ಧಕ್ಕೆ ಬಿಟ್ಟ. ಮೆಕಿಯಾವೆಲ್ಲಿ ಮಾತ್ರ ತಮಾಷೆ ಮಾಡಿದ: ಇಷ್ಟೆಲ್ಲ ಕಾದಾಟದಲ್ಲಿ ಸತ್ತವನು ಒಬ್ಬನೇ, ಅವನೂ ಕುದುರೆಯಿಂದ ಬಿದ್ದು! ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಆದರೆ ಸಂಬಳಕ್ಕೆ ಕಾದುವವನು ಪ್ರಾಣ ಕೊಡುವುದಿಲ್ಲ ಎಂಬುದು ಅವನ ವಾದ; ಅದಕ್ಕೆ ಈ ಕತೆ ಒದಗಿಬಂತು. ಭಾವನಿಗಂತೂ ಇದು ಬಹಳ ಹಿಡಿಸಿತು, ದಾರಿಯುದ್ದಕ್ಕೂ ನೆನೆದು ನಗುತ್ತಿದ್ದರು.

ಸಾನ್‌ಸೆಪೋಲ್ಕ್ರೊ, ಚಿತ್ತಾ ದಿ ಕಾಸ್ತೆಲ್ಲೊ ದಾಟಿ ಮೂರನೇ ದಿನ ಮೊಂಟೊನೆ. ಕೊನೆಯ ಏರನ್ನು ಸೈಕಲ್ ತಳ್ಳಿಕೊಂಡೇ ಹತ್ತಿದೆವು. ಗುತ್ತಿಗೆ ದಳಪತಿಗಳಲ್ಲೇ ಹೆಸರಾಂತ ಬ್ರಾಚ್ಚೊ ದಾ ಮೊಂಟೊನೆಯ ಮನೆತನದ ಊರಿದು. 1424ರಲ್ಲಿ ಸತ್ತ ಅವನ ಗುರುತು ಹುಡುಕುತ್ತಿದ್ದ ನಮಗೆ ಕಂಡದ್ದು ಒಂದು ಸೂರ್ಯ ಗಡಿಯಾರ, ಅದರ ಮೇಲೆ ಒಂದು ಮರಾಠಿ ಹೆಸರು. ನಾಯಕ್ ಯಶವಂತ ಘಾಡ್ಗೆ.

ಐದನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೇ ಬೆಟಾಲಿಯನ್. ಈ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. 1944ರ ಜುಲೈ 10ರಂದು, ಇದೇ ಮೇಲಿನ ಟೈಬರ್ ಕಣಿವೆಯಲ್ಲಿ ಜರ್ಮನ್ನರ ಮೆಷಿನ್‌ಗನ್ನು ಅವನ ತುಕಡಿಯ ಮೇಲೆ ಹತ್ತಿರದಿಂದ ಗುಂಡು ಸುರಿಸಿತು. ಅವನೊಬ್ಬನನ್ನು ಬಿಟ್ಟು ಎಲ್ಲರೂ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಘಾಡ್ಗೆ ಒಬ್ಬನೇ ನುಗ್ಗಿ ಗ್ರೆನೇಡ್ ಎಸೆದು ಬಂದೂಕನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ಮುಗಿಸಿದ. ಇನ್ನೊಬ್ಬನಿಗೆ ಗುಂಡು ಹೊಡೆದ. ಮದ್ದು ಬದಲಿಸಲು ಸಮಯವಿರಲಿಲ್ಲ. ತನ್ನ ಬಂದೂಕಿನ ನಳಿಗೆಯನ್ನೇ ಹಿಡಿದು ಉಳಿದಿಬ್ಬರನ್ನು ಬಡಿದು ಕೊಂದ. ಆಮೇಲೆ ಮರೆಯಲ್ಲಿದ್ದವರ ಗುಂಡು ಎದೆಗೂ ಬೆನ್ನಿಗೂ ತಗುಲಿ ಅಲ್ಲೇ ಸತ್ತ. ವಯಸ್ಸು 22. ವಿಕ್ಟೋರಿಯಾ ಕ್ರಾಸ್ ಪದಕವನ್ನು ತೆಗೆದುಕೊಂಡವರು ಅವನ ಹೆಂಡತಿ. ಸಮಾಧಿ ಎಲ್ಲೂ ಇಲ್ಲ. ಹೆಸರು ಕಸ್ಸೀನೊ ಸ್ಮಾರಕದಲ್ಲಿದೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ, ಇವನೂ ಸಂಬಳಕ್ಕೇ ಬಂದವನಲ್ವಾ?" ಎಂದರು. ಈ ಸಲ ನಗಲಿಲ್ಲ.

ಹೌದು. ಬ್ರಿಟಿಷ್ ರಾಜನ ಸಂಬಳ. ಆ ಜುಲೈಯಲ್ಲಿ ನೆಹರೂ ಅಹ್ಮದ್‌ನಗರದ ಕೋಟೆಯಲ್ಲಿ ಸೆರೆಯಲ್ಲಿದ್ದರು, ಸೆರೆಯಲ್ಲಿಟ್ಟದ್ದೂ ಅದೇ ಸರಕಾರ. ನಮ್ಮ ಶಾಲೆಯ ಪುಸ್ತಕದಲ್ಲಿ ಘಾಡ್ಗೆಗೆ ಜಾಗ ಸಿಗದಿದ್ದುದು ಇದಕ್ಕೇ ಇರಬೇಕು. ಇಟಲಿಯಲ್ಲಿ ಕಾದಿದ ಭಾರತೀಯರು ಸುಮಾರು 50,000. ಸತ್ತವರು 5,700ಕ್ಕೂ ಹೆಚ್ಚು. ನಾವು ಸೈಕಲ್ ಹತ್ತಿದ ಅರೆಟ್ಸೊದ ಹೊರಗೇ, ದಹನವಾದ ಭಾರತೀಯರ ಸ್ಮಾರಕವಿದೆ. ಅದನ್ನು ನೋಡದೆ ಚಿತ್ರ ನೋಡಲು ಓಡಿದ್ದೆವು.

2023ರಲ್ಲಿ ನಿಲ್ಲಿಸಿದ ಈ ಗಡಿಯಾರದ ಧ್ಯೇಯವಾಕ್ಯ, ನಾವೆಲ್ಲ ಒಂದೇ ಸೂರ್ಯನ ಕೆಳಗಿನವರು ಎನ್ನುತ್ತದೆ. ಮಾತು ಚೆನ್ನಾಗಿದೆ. ಆದರೆ ಯಾವ ದೇಶ ಬಿಡಿಸಬೇಕು ಅಂತ ಅವನನ್ನು ಯಾರೂ ಕೇಳಿರಲಿಲ್ಲ. ವಿಮೋಚಕ ಎಂದು ಹೊಗಳಲೂ ನನಗೆ ಬಾಯಿ ಬರುವುದಿಲ್ಲ, ಕೂಲಿ ಸಿಪಾಯಿ ಎನ್ನಲೂ ಬರುವುದಿಲ್ಲ. ತುಕಡಿಯವರೆಲ್ಲ ನೆಲದಲ್ಲಿ ಬಿದ್ದಿರುವಾಗ ಅವನು ಓಡಿದ್ದು ಸಂಬಳದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಘಾಡ್ಗೆಯ ತಾಲ್ಲೂಕು ಮಾಣಗಾಂವ್. ಮುಂಬೈಯಿಂದ ಕುಂದಾಪುರಕ್ಕೆ ಹೋಗುವಾಗ ಗೋವಾ ಹೆದ್ದಾರಿಯಲ್ಲಿ ಸಿಗುವ ಊರು; ಎಷ್ಟೋ ಸಲ ಅಲ್ಲಿ ಬಸ್ಸು ನಿಂತಾಗ ಚಹಾ ಕುಡಿದಿದ್ದೇನೆ. ಅವನ ಪ್ರತಿಮೆ ಅಲ್ಲಿದೆ ಎಂದು ಗೊತ್ತಾದದ್ದು ಮೊಂಟೊನೆಯಲ್ಲಿ, ಮೊಬೈಲ್ ತೆರೆದು ಹುಡುಕಿದಾಗ. ಆಗ ಮಧ್ಯಾಹ್ನವಾಗಿತ್ತು. ಭಾವ ಗಡಿಯಾರದ ನೆರಳಿಗೂ ತಮ್ಮ ಕೈಗಡಿಯಾರಕ್ಕೂ ತಾಳೆ ನೋಡುತ್ತಿದ್ದರು.